‘ನನ್ನ ಜೀವ, ನನ್ನ ಇಷ್ಟ’: ಬೆಟ್ಟದ ಮೇಲಿನ ಸಾವು ಮತ್ತು ಅದರ ಲೆಕ್ಕ

ಎವರೆಸ್ಟ್ ಹತ್ತಲು ಹೊರಟವರು ಬೆಟ್ಟಕ್ಕೆ ಕಾಲಿಡುವ ಮೊದಲು ಹಲವು ಕಾಗದಗಳಿಗೆ ಸಹಿ ಹಾಕುತ್ತಾರೆ. ಅನೇಕ ತಂಡಗಳಲ್ಲಿ ಆ ಕಾಗದಗಳ ನಡುವೆ ಒಂದು ಪ್ರಶ್ನೆಯೂ ಇರುತ್ತದೆ: ನೀವು ಮೇಲೆ ತೀರಿಕೊಂಡರೆ ದೇಹವನ್ನು ಅಲ್ಲೇ ಬಿಡಬೇಕೋ, ಕೆಳಗೆ ತರಬೇಕೋ?

‘ತನ್ನಿ’ ಎಂದು ಬರೆಯಲು ಒಂದು ಕ್ಷಣ ಸಾಕು. ಆ ಮಾತನ್ನು ನಡೆಸಿಕೊಡಬೇಕಾದವರು ಮಾತ್ರ ಬೇರೆ. 8,000 ಮೀಟರ್‌ಗಿಂತ ಮೇಲೆ, ಒಂದೊಂದು ಹೆಜ್ಜೆಗೂ ನಿಂತು ಉಸಿರೆಳೆಯಬೇಕಾದ ಕಡೆ, ಮಂಜುಗಡ್ಡೆಗೆ ಅಂಟಿಕೊಂಡ ದೇಹವನ್ನು ಕೊಡಲಿಯಿಂದ ಬಿಡಿಸಿ, ಹಗ್ಗ ಬಿಗಿದು, ಇಳಿಜಾರಿನಲ್ಲಿ ತಡೆತಡೆದು ಇಳಿಸಬೇಕು. 1979ರಲ್ಲಿ ಜರ್ಮನಿಯ ಹನಲೋರೆ ಶ್ಮಾಟ್ಸ್ ಎವರೆಸ್ಟ್ ತುದಿ ಮುಟ್ಟಿ ಇಳಿಯುವಾಗ ದಣಿದು ಕುಳಿತಲ್ಲೇ ತೀರಿಕೊಂಡರು. 1984ರಲ್ಲಿ ಅವರ ದೇಹವನ್ನು ತರಲು ಹೋದ ಇಬ್ಬರು, ನೇಪಾಳದ ಒಬ್ಬ ಪೊಲೀಸ್ ಅಧಿಕಾರಿ ಮತ್ತು ಒಬ್ಬ ಶೆರ್ಪಾ (ಹತ್ತುವವರಿಗೆ ಹೊರೆ ಹೊತ್ತು ದಾರಿ ತೋರುವ ಬೆಟ್ಟದ ಜನಾಂಗದವನು), ಜಾರಿ ಬಿದ್ದು ಸತ್ತರು. ಒಬ್ಬರ ಸಾವು ಐದು ವರ್ಷಗಳ ನಂತರ ಇನ್ನಿಬ್ಬರನ್ನು ಕರೆದೊಯ್ದಿತು.

ಪರ್ವತ ಸಾಹಸದಲ್ಲಿ ಯಾರಾದರೂ ಸತ್ತಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ‘ಎಲ್ಲ ಗೊತ್ತಿದ್ದೇ ಹೋದರು, ಇಷ್ಟದ ಕೆಲಸ ಮಾಡುತ್ತಲೇ ಹೋದರು’ ಎಂಬುದು ಒಂದು. ‘ಮನೆಮಂದಿ ಇದ್ದವರಿಗೆ ಇದೆಲ್ಲ ಬೇಕಿತ್ತೇ’ ಎಂಬುದು ಇನ್ನೊಂದು. ಎರಡೂ ತಟ್ಟನೆ ಬಾಯಿಗೆ ಬರುತ್ತವೆ, ಎರಡೂ ಗಂಟನ್ನು ಬಿಚ್ಚದೆ ಬಿಡುತ್ತವೆ. ಅಪಾಯ ನಿಜಕ್ಕೂ ಎಷ್ಟಿತ್ತು? ಹೋದವರಿಗೆ ಅದು ಗೊತ್ತಿತ್ತೇ? ಅದರ ಬೆಲೆ ತೆತ್ತವರು ಯಾರು? ಈ ಪ್ರಶ್ನೆಗಳನ್ನು ಬಿಡಿಸಿ ನೋಡದಿದ್ದರೆ ವಾದ ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ.

ಸುತ್ತುತ್ತಾ ಬಂದು ನೂರೈವತ್ತು ವರ್ಷಗಳ ಮೇಲಾಯಿತು. 1865ರ ಜುಲೈ 14ರಂದು ಏಳು ಮಂದಿ ಮೊದಲ ಬಾರಿಗೆ ಆಲ್ಪ್ಸ್ ಪರ್ವತಗಳ ಮ್ಯಾಟರ್‌ಹಾರ್ನ್ ಶಿಖರ ತಲುಪಿದರು. ಇಳಿಯುವಾಗ ಒಬ್ಬರ ಕಾಲು ಜಾರಿತು, ಹಗ್ಗ ತುಂಡಾಯಿತು, ನಾಲ್ವರು ಪ್ರಪಾತಕ್ಕೆ ಬಿದ್ದರು. ಬ್ರಿಟಿಷ್ ಪತ್ರಿಕೆಗಳು ಇಂಥ ಹುಚ್ಚಾಟಕ್ಕೆ ಅರ್ಥವಿದೆಯೇ ಎಂದು ಕೇಳಿದವು. 1882ರಲ್ಲಿ ರಾಣಿ ವಿಕ್ಟೋರಿಯಾ ಈ ಹತ್ತಾಟವನ್ನು ತಡೆಯಲು ಏನಾದರೂ ಮಾಡಬಹುದೇ ಎಂದು ಪ್ರಧಾನಿ ಗ್ಲಾಡ್‌ಸ್ಟನ್ ಅವರನ್ನು ವಿಚಾರಿಸಿದರು. ಏನೂ ಆಗಲಿಲ್ಲ.

1936ರಲ್ಲಿ ಸ್ವಿಟ್ಜರ್ಲೆಂಡಿನ ಐಗರ್ ಪರ್ವತದ ಉತ್ತರ ಗೋಡೆಯಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಾಲ್ವರು ಯುವಕರು ಹತ್ತುತ್ತಿದ್ದರು. ಮೇಲಿಂದ ಬಿದ್ದ ಕಲ್ಲು ಒಬ್ಬನ ತಲೆಗೆ ತಾಗಿತು. ನಾಲ್ವರೂ ಹಿಂದಿರುಗಲು ನಿರ್ಧರಿಸಿದರು. ಆದರೆ ನಯವಾದ ಬಂಡೆಯೊಂದನ್ನು ಅಡ್ಡಡ್ಡಲಾಗಿ ದಾಟುವಾಗ ಕಟ್ಟಿದ್ದ ಹಗ್ಗವನ್ನು ಅವರು ಬರುವಾಗಲೇ ಎಳೆದುಕೊಂಡಿದ್ದರು. ಈಗ ಅಲ್ಲಿ ದಾರಿಯೇ ಇರಲಿಲ್ಲ. ನೇರವಾಗಿ ಕೆಳಗಿಳಿಯಲು ನೋಡುತ್ತಿದ್ದಾಗ ಹಿಮಕುಸಿತ ಬಂದು ಮೂವರನ್ನು ಕೊಂದಿತು. 23 ವರ್ಷದ ಟೋನಿ ಕುರ್ಟ್ಸ್ ಒಬ್ಬನೇ ಹಗ್ಗದಲ್ಲಿ ನೇತಾಡುತ್ತಾ ಉಳಿದ.

ಆ ಪರ್ವತದ ಹೊಟ್ಟೆಯೊಳಗೆ ರೈಲು ಸುರಂಗವಿದೆ, ಗೋಡೆಯತ್ತ ತೆರೆದ ಕಿಂಡಿಯೂ ಇದೆ. ಮಾರ್ಗದರ್ಶಿಗಳು ಅದರಿಂದ ಹೊರಬಂದು ಅವನ ಕೂಗಳತೆಯವರೆಗೂ ಹೋದರು. ಅಷ್ಟರಲ್ಲಿ ಕತ್ತಲಾಯಿತು. ಅವನು ಇಡೀ ರಾತ್ರಿ ಹಾಗೇ ನೇತಾಡಿದ. ಬೆಳಗಾಗುವಾಗ ಒಂದು ಕೈ ಮರಗಟ್ಟಿ ಕೊರಡಾಗಿತ್ತು. ಉಳಿದ ಒಂದು ಕೈಯಿಂದ, ಹಲ್ಲಿನಿಂದ, ಹಗ್ಗದ ಎಳೆಗಳನ್ನು ಒಂದೊಂದಾಗಿ ಬಿಚ್ಚಿ, ಗಂಟು ಹಾಕಿ, ಉದ್ದ ಮಾಡಿ ಕೆಳಗೆ ಬಿಟ್ಟ. ಅದಕ್ಕೇ ಗಂಟೆಗಟ್ಟಲೆ ಹಿಡಿಯಿತು. ಕೆಳಗಿದ್ದವರು ಅದಕ್ಕೆ ಹಗ್ಗ ಕಟ್ಟಿ ಕಳಿಸಿದರು. ಒಂದು ಹಗ್ಗ ಸಾಲದೆ ಎರಡನ್ನು ಗಂಟು ಹಾಕಿದ್ದರು. ಅವನು ಇಳಿಯುತ್ತಾ ಬಂದ. ಆ ಗಂಟು ಅವನ ಸೊಂಟದ ಕ್ಯಾರಬಿನರ್ ಕೊಂಡಿಯೊಳಗೆ ತೂರದೆ ಸಿಕ್ಕಿಹಾಕಿಕೊಂಡಿತು. ಕೆಳಗಿದ್ದವರಿಗೂ ಅವನಿಗೂ ನಡುವೆ ಕೆಲವೇ ಮೀಟರ್. ಒಂದು ಕೈಯಲ್ಲಿ ಗಂಟನ್ನು ದಾಟಿಸಲು ಎಷ್ಟೋ ಹೊತ್ತು ಹೆಣಗಿ, ಇನ್ನಾಗದು ಎಂದು ಹೇಳಿ, ಅಲ್ಲೇ ಪ್ರಾಣ ಬಿಟ್ಟ.

ಈ ಘಟನೆಯನ್ನು ಧೈರ್ಯದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಪ್ರತಿ ಸಲವೂ ಆ ಮಾರ್ಗದರ್ಶಿಗಳು ಕಣ್ಣಮುಂದೆ ಬರುತ್ತಾರೆ. ಆ ಗೋಡೆ ಹತ್ತಬೇಕೆಂಬ ಆಸೆ ಅವರದಾಗಿರಲಿಲ್ಲ. ಆದರೂ ಕಲ್ಲು, ಹಿಮ ಸುರಿಯುವ ಅದೇ ಗೋಡೆಯಲ್ಲಿ ಎರಡು ದಿನ ನಿಂತು, ಒಬ್ಬ ಹುಡುಗ ಸಾಯುವುದನ್ನು ಕಣ್ಣಾರೆ ಕಂಡು ಮನೆಗೆ ಹೋದವರು ಅವರು.

ಐಗರ್ ಇರುವ ಬರ್ನ್ ಪ್ರಾಂತ್ಯದ ಆಡಳಿತ ಆ ಗೋಡೆಗೆ ನಿಷೇಧ ಹಾಕಿತು. ಅದು ಹೆಚ್ಚು ಕಾಲ ನಿಲ್ಲಲಿಲ್ಲ. 1938ರಲ್ಲಿ ಬೇರೆ ನಾಲ್ವರು ಅದನ್ನು ಹತ್ತಿಯೇ ಬಿಟ್ಟರು. ಬೆಟ್ಟಕ್ಕೆ ಬೇಲಿ ಹಾಕಲಾಗದು ಎಂಬುದು ನಿಷೇಧದ ಒಂದು ತೊಡಕು. ಇನ್ನೊಂದು ಹೆಚ್ಚು ಗಂಭೀರ: ನಿಷೇಧ ಕೆಲವೊಮ್ಮೆ ಅಪಾಯವನ್ನು ಕತ್ತಲಿಗೆ ತಳ್ಳುತ್ತದೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಬೇಸ್ ಜಂಪಿಂಗ್, ಅಂದರೆ ಬಂಡೆಯಂಥ ನಿಂತ ಜಾಗದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಧುಮುಕುವುದು, ಕಾನೂನುಬಾಹಿರ. ಹಾಗಾಗಿ ಹಾರುವವರು ಕಾವಲುಗಾರರ ಕಣ್ಣು ತಪ್ಪಿಸಲು ಬೆಳಕು ಕಡಿಮೆಯಾಗುವ ಹೊತ್ತನ್ನೇ ಆರಿಸಿಕೊಳ್ಳುತ್ತಾರೆ. 2015ರ ಮೇ 16ರ ಮುಸ್ಸಂಜೆ ಯೊಸೆಮಿಟಿಯ ಟಾಫ್ಟ್ ಪಾಯಿಂಟ್‌ನಿಂದ ವಿಂಗ್‌ಸೂಟ್ (ಕೈಕಾಲುಗಳ ನಡುವೆ ರೆಕ್ಕೆಯಂತೆ ಬಟ್ಟೆ ಹೊಲಿದ ಉಡುಪು) ತೊಟ್ಟು ಹಾರಿದ ಡೀನ್ ಪಾಟರ್ ಮತ್ತು ಗ್ರಹಾಂ ಹಂಟ್ ಇಬ್ಬರೂ ಬಂಡೆಗೆ ಬಡಿದು ಸತ್ತರು. ಹಗಲು ಬೆಳಕಿನಲ್ಲಿ ಹಾರಿದ್ದರೆ ಉಳಿಯುತ್ತಿದ್ದರು ಎಂದು ಯಾರೂ ಪ್ರಮಾಣ ಮಾಡಲಾರರು. ಆದರೆ ಹಗಲಲ್ಲಿ ಹಾರುವ ಆಯ್ಕೆ ಅವರಿಗೆ ಇರಲಿಲ್ಲ.

ಇನ್ನು ಅಪಾಯ ಎಷ್ಟು ದೊಡ್ಡದು ಎಂಬ ಪ್ರಶ್ನೆ. ಇದನ್ನು ಅಳೆಯಲು ‘ಮೈಕ್ರೋಮಾರ್ಟ್’ ಎಂಬ ಮಾನವಿದೆ. ಹತ್ತು ಲಕ್ಷಕ್ಕೆ ಒಂದು ಸಾವಿನ ಸಾಧ್ಯತೆ ಎಂದರೆ ಒಂದು ಮೈಕ್ರೋಮಾರ್ಟ್. ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಒಮ್ಮೆ ಹಾರಿದರೆ ಸುಮಾರು ಹತ್ತು, ಈಚಿನ ವರ್ಷಗಳಲ್ಲಿ ಅದಕ್ಕೂ ಕಡಿಮೆ. ನಾರ್ವೆಯ ಶೆರಾಗ್ ಬಂಡೆಯಿಂದ 1995ರಿಂದ 2005ರವರೆಗೆ ನಡೆದ 20,850 ಬೇಸ್ ಜಿಗಿತಗಳನ್ನು ಲೆಕ್ಕ ಹಾಕಿದಾಗ 9 ಸಾವು ಕಂಡುಬಂದವು. ಅಂದರೆ ಸುಮಾರು 2,300 ಜಿಗಿತಕ್ಕೆ ಒಂದು, ಹೆಚ್ಚುಕಡಿಮೆ 430 ಮೈಕ್ರೋಮಾರ್ಟ್. 1921ರಿಂದ 2006ರವರೆಗೆ ಎವರೆಸ್ಟ್‌ನ ಬೇಸ್ ಕ್ಯಾಂಪ್‌ಗಿಂತ ಮೇಲೆ ಹೋದವರಲ್ಲಿ ಸತ್ತವರು ನೂರಕ್ಕೆ 1.3. ಅದು 13,000 ಮೈಕ್ರೋಮಾರ್ಟ್.

‘ರಸ್ತೆಯಲ್ಲೂ ಸಾಯಬಹುದು’ ಎನ್ನುವ ವಾದ ಇಲ್ಲಿಗೆ ಬಂದು ಕುಸಿಯುತ್ತದೆ. ಸಾಯಬಹುದು, ನಿಜ. ಆದರೆ ಒಂದು ದಿನ ವಾಹನದಲ್ಲಿ ಓಡಾಡುವ ಅಪಾಯವನ್ನೂ ಎವರೆಸ್ಟ್‌ನ ಅಪಾಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ತಕ್ಕಡಿಯೇ ಮುರಿಯುತ್ತದೆ.

ಇದಕ್ಕಿಂತ ಮುಖ್ಯವಾದ ಲೆಕ್ಕ ಇನ್ನೊಂದಿದೆ, ವಾದಗಳಲ್ಲಿ ಅದು ತಪ್ಪಿಹೋಗುವುದೇ ಹೆಚ್ಚು. ಒಂದು ಸಲದ ಅಪಾಯ ಬೇರೆ, ಒಂದು ಬದುಕಿನ ಅಪಾಯ ಬೇರೆ. 2,300ಕ್ಕೆ ಒಂದು ಎಂದರೆ ಸಣ್ಣದಾಗಿ ಕಾಣುತ್ತದೆ. ಅದೇ ವ್ಯಕ್ತಿ ಸಾವಿರ ಸಲ ಹಾರಿದರೆ? ಆ ಸಾವಿರದೊಳಗೆ ಎಲ್ಲೋ ಒಂದು ಕಡೆ ಸಾಯುವ ಸಾಧ್ಯತೆ ನೂರಕ್ಕೆ 35ರ ಹತ್ತಿರ ಬರುತ್ತದೆ. ಪ್ರತಿ ಯಾತ್ರೆಗೆ ನೂರಕ್ಕೆ ಒಂದರಷ್ಟು ಅಪಾಯವಿರುವ ಶಿಖರಗಳಿಗೆ ಇಪ್ಪತ್ತು ಸಲ ಹೋದರೆ ಅದು ನೂರಕ್ಕೆ 18. ಈ ಕೂಡಿಕೆ ನಮ್ಮ ಅನುಭವಕ್ಕೆ ಬರುವುದಿಲ್ಲ. ಹತ್ತೊಂಬತ್ತು ಸಲ ಸುಖವಾಗಿ ಬಂದವರಿಗೆ ಇಪ್ಪತ್ತನೆಯದು ಹಳೆಯ ಸಾಲದ ಕಂತಿನ ಹಾಗೆ ಕಾಣುವುದಿಲ್ಲ, ಪಳಗಿದ ಕೆಲಸದ ಹಾಗೆ ಕಾಣುತ್ತದೆ. (ಇವೆಲ್ಲ ಸರಾಸರಿಗಳು. ಜಾಗ್ರತೆಯವರೂ ದುಡುಕಿನವರೂ ಇದರೊಳಗೆ ಬೆರೆತಿದ್ದಾರೆ. ಆದರೆ ತಾನು ಜಾಗ್ರತೆಯವರ ಪೈಕಿ ಎಂದು ಎಲ್ಲರೂ ನಂಬಿರುತ್ತಾರಲ್ಲ.)

ಅನುಭವ ಕಾಪಾಡುವುದಿಲ್ಲವೇ? ಅರ್ಧ ಕಾಪಾಡುತ್ತದೆ. ಹತ್ತುವವರು ಅಪಾಯವನ್ನು ಎರಡು ಬಗೆಯಾಗಿ ನೋಡುತ್ತಾರೆ. ಕೈ ಜಾರುವುದು, ಗಂಟು ತಪ್ಪಾಗಿ ಹಾಕುವುದು, ಹವಾಮಾನ ತಪ್ಪಾಗಿ ಓದುವುದು ಒಂದು ಬಗೆ. ಇದು ನಮ್ಮ ಕೈಯಲ್ಲಿದೆ, ಪಳಗಿದಷ್ಟೂ ಕಡಿಮೆಯಾಗುತ್ತದೆ. ತಲೆಯ ಮೇಲೆ ವಾಲಿ ನಿಂತ ಮಂಜುಗೋಡೆ ಮುರಿದು ಬೀಳುವುದು, ಬಿಸಿಲಿಗೆ ಸಡಿಲಾದ ಕಲ್ಲು ಉರುಳುವುದು ಇನ್ನೊಂದು ಬಗೆ. ಅದು ಕೆಳಗೆ ಯಾರಿದ್ದಾರೆ ಎಂದು ನೋಡುವುದಿಲ್ಲ. ಅದರಡಿ ಎಷ್ಟು ಹೊತ್ತು ಇದ್ದಿರಿ, ಎಷ್ಟು ಸಲ ಹಾದುಹೋದಿರಿ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ.

2019ರ ಏಪ್ರಿಲ್ 16ರಂದು ಕೆನಡಾದ ಹೌಸ್ ಪೀಕ್‌ನಲ್ಲಿ ಡೇವಿಡ್ ಲಾಮಾ, ಹಾನ್ಸ್‌ಯೊರ್ಗ್ ಆವರ್, ಜೆಸ್ ರೋಸ್‌ಕೆಲಿ ಸತ್ತರು. ಆ ಕಾಲದ ಅತ್ಯಂತ ನುರಿತ ಪರ್ವತಾರೋಹಿಗಳ ಸಾಲಿನವರು ಅವರು. ಮೂವರೂ ತುದಿ ತಲುಪಿ ನಿಂತ ಚಿತ್ರ ಆಮೇಲೆ ಜೆಸ್ ಅವರ ಫೋನಿನಲ್ಲಿ ಸಿಕ್ಕಿತು. ಅವರ ಹೆಜ್ಜೆಗಳಲ್ಲಿ ತಪ್ಪು ಹುಡುಕುವವರಿಗೆ ಅಲ್ಲಿ ಹೆಚ್ಚೇನೂ ಸಿಗದು. ಇಳಿಯುವ ಹೊತ್ತಿಗೆ ಮೇಲಿನ ಹಿಮ ಕುಸಿಯಿತು.

ಹಿಮದ ಇಳಿಜಾರು ಮನುಷ್ಯನ ಬುದ್ಧಿಯನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು, ಏಕೆಂದರೆ ‘ಗೊತ್ತಿದ್ದೇ ಹೋದರು’ ಎಂಬ ಮಾತಿನ ಬೇರು ಇಲ್ಲಿದೆ. ಹಿಮ ಪದರಪದರವಾಗಿ ಬೀಳುತ್ತದೆ. ಕೆಳಗಿನ ಒಂದು ಪದರ ಸಕ್ಕರೆ ಹರಳಿನ ಹಾಗೆ ಉದುರುದುರಾಗಿದ್ದರೆ ಮೇಲಿನ ಗಟ್ಟಿ ಪದರಕ್ಕೆ ಹಿಡಿತವಿರುವುದಿಲ್ಲ. ಇಳಿಜಾರು 30ರಿಂದ 45 ಡಿಗ್ರಿಯೊಳಗಿದ್ದು ಅದರ ಮೇಲೆ ಸ್ಕೀ ಮಾಡುವವರೊಬ್ಬರ ಭಾರ ಬಿದ್ದರೆ ಸಾಕು, ಇಡೀ ಹಾಸು ಬಿರುಕುಬಿಟ್ಟು ಜಾರುತ್ತದೆ. ಹಿಮಕುಸಿತಕ್ಕೆ ಸಿಕ್ಕಿ ಸಾಯುವ ಸಾಹಸಿಗಳಲ್ಲಿ ಬಹುಪಾಲು ಜನರ ಮೇಲೆ ಬಿದ್ದದ್ದು ಅವರೋ ಅವರ ಜೊತೆಯವರೋ ಕೆಡವಿದ ಹಿಮವೇ. ಹೂತುಹೋದವರನ್ನು 15 ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. 35 ನಿಮಿಷವಾದರೆ ಮೂವರಲ್ಲಿ ಒಬ್ಬರು. ಹೊರಗಿನಿಂದ ಸಹಾಯ ಬರುವಷ್ಟು ಸಮಯ ಅದಲ್ಲ. ಜೊತೆಗಿದ್ದವರೇ ಬೀಕನ್ (ಹೂತವರ ಮೈಮೇಲಿನ ಸಾಧನದ ಸಂಕೇತ ಹಿಡಿಯುವ ಯಂತ್ರ) ಹಿಡಿದು ಹುಡುಕಿ, ಸಲಿಕೆಯಿಂದ ತೋಡಬೇಕು.

ಈಗ ಯೋಚಿಸಿ. ಸಡಿಲ ಪದರದ ಮೇಲೆ ಒಬ್ಬರು ದಾಟಿಹೋದರು, ಏನೂ ಆಗಲಿಲ್ಲ. ತಮ್ಮ ಅಂದಾಜು ಸರಿಯಾಗಿತ್ತು ಎಂದುಕೊಳ್ಳುತ್ತಾರೆ. ನಿಜದಲ್ಲಿ ಅವರು ಒಂದು ಗೇಣು ಎಡಕ್ಕೆ ಹೋಗಿದ್ದರೆ ಕುಸಿಯುತ್ತಿತ್ತೇನೋ, ಅದನ್ನು ಬೆಟ್ಟ ಬಾಯಿಬಿಟ್ಟು ಹೇಳುವುದಿಲ್ಲ. ಅಡುಗೆ ಕಲಿಯುವವರಿಗೆ ಉಪ್ಪು ಹೆಚ್ಚಾದದ್ದು ಮೊದಲ ತುತ್ತಿಗೇ ತಿಳಿಯುತ್ತದೆ. ಇಲ್ಲಿ ತಪ್ಪು ಮಾಡಿದರೂ ನೂರು ಸಲ ಬಹುಮಾನವೇ ಸಿಗುತ್ತದೆ. ವರ್ಷಗಳು ಕಳೆದಂತೆ ಜಾಣ್ಮೆ ಬೆಳೆಯುತ್ತದೋ ಅದೃಷ್ಟದ ಮೇಲಿನ ನಂಬಿಕೆ ಬೆಳೆಯುತ್ತದೋ ಒಳಗಿನಿಂದ ಹೇಳುವುದು ಕಷ್ಟ. ಇಯಾನ್ ಮೆಕ್ಯಾಮನ್ ಎಂಬ ಸಂಶೋಧಕರು ಅಮೆರಿಕದ 715 ಹಿಮಕುಸಿತ ಅಪಘಾತಗಳನ್ನು ಪರಿಶೀಲಿಸಿದಾಗ ಜನ ಎಡವಿದ ಜಾಗಗಳು ಕಂಡವು: ಹಳೆಯ ಪರಿಚಯದ ಇಳಿಜಾರು ಎಂಬ ಸಲಿಗೆ, ಗುಂಪಿನಲ್ಲಿ ಒಬ್ಬರನ್ನು ಬಲ್ಲವರೆಂದು ನಂಬಿ ಉಳಿದವರು ಪ್ರಶ್ನೆ ಕೇಳದಿರುವುದು, ಇಷ್ಟು ದೂರ ಬಂದೆವಲ್ಲ ಎಂಬ ಹಟ, ಮುಟ್ಟದ ಹೊಸ ಹಿಮ ಬೇರೆಯವರ ಪಾಲಾಗುತ್ತದೆ ಎಂಬ ಆತುರ. ಹಿಮಶಾಸ್ತ್ರದ ಪಾಠ ಕೇಳಿದ್ದವರೂ ಇದರಿಂದ ಹೊರತಾಗಿರಲಿಲ್ಲ.

ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲೇ ಈ ಚರ್ಚೆಗೆ ಒಳ್ಳೆಯ ದೃಷ್ಟಾಂತವೊಂದನ್ನು ಕೊಟ್ಟಿದ್ದರು. ಒಬ್ಬ ಮುರುಕಲು ಸೇತುವೆಯತ್ತ ಹೋಗುತ್ತಿದ್ದಾನೆ, ಅದು ಮುರುಕಲೆಂದು ಅವನಿಗೆ ಗೊತ್ತಿಲ್ಲ, ಹೇಳಲು ಸಮಯವಿಲ್ಲ. ಅವನನ್ನು ಹಿಡಿದು ನಿಲ್ಲಿಸಿದರೆ ಅವನ ಸ್ವಾತಂತ್ರ್ಯ ಕಿತ್ತುಕೊಂಡಂತಾಗದು, ಏಕೆಂದರೆ ನದಿಗೆ ಬೀಳುವುದು ಅವನ ಇಚ್ಛೆಯಲ್ಲ. ಆದರೆ ಬೀಳುವುದು ಖಚಿತವಲ್ಲ, ಬರೀ ಅಪಾಯವಿದೆ ಎಂದಾದರೆ, ಅದನ್ನು ತಿಳಿಸಿ ದಾರಿ ಬಿಡಬೇಕು. ದಾಟುವುದು ಬಿಡುವುದು ಅವನ ತೀರ್ಮಾನ. ನಾನೂ ಈ ಮಾತನ್ನು ಒಪ್ಪುವವನೇ. ವಯಸ್ಸಿಗೆ ಬಂದ, ಬುದ್ಧಿ ನೆಟ್ಟಗಿರುವ ಮನುಷ್ಯನನ್ನು ಬೆಟ್ಟದಿಂದ ಎಳೆದು ತರುವ ಅಧಿಕಾರ ಯಾರಿಗೂ ಬೇಡ. ಆದರೆ ಮಿಲ್ ಅವರ ಸೇತುವೆ ಒಂದು ಸಲ ದಾಟುವಂಥದ್ದು, ದಾಟುವವನು ಒಬ್ಬನೇ. ಬೆಟ್ಟದ ಸೇತುವೆಯನ್ನು ಜನ ಮತ್ತೆ ಮತ್ತೆ ದಾಟುತ್ತಾರೆ, ಬೆನ್ನ ಮೇಲೆ ಬೇರೆಯವರನ್ನು ಹೊತ್ತುಕೊಂಡು.

ಏಕೆ ದಾಟುತ್ತಾರೆ ಎಂಬುದಕ್ಕೆ ಒಂದು ಮಾತು ಹೇಳಿಬಿಡುತ್ತೇನೆ. ಸಾವಿನ ಜೊತೆ ಸರಸವಾಡಲು ಹೋಗುತ್ತಾರೆ ಎಂಬ ಊಹೆ ಬಹುತೇಕರ ವಿಷಯದಲ್ಲಿ ತಪ್ಪು. ಅಮೆರಿಕದ ಆರೋಹಿ ಅಲೆಕ್ಸ್ ಹಾನಲ್ಡ್ 2017ರ ಜೂನ್ 3ರಂದು ಯೊಸೆಮಿಟಿಯ ಎಲ್ ಕ್ಯಾಪಿಟನ್‌ ಬಂಡೆಯ ಸುಮಾರು 900 ಮೀಟರ್ ಗೋಡೆಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷದಲ್ಲಿ ಹತ್ತಿದರು. ಅದನ್ನೇ 2016ರಲ್ಲಿ ಶುರುಮಾಡಿ, ಮನಸ್ಸು ಒಪ್ಪದೆ, ಕ್ಯಾಮೆರಾಗಳು ಕಾದಿರುವಾಗಲೇ ಬಿಟ್ಟು ಇಳಿದಿದ್ದರು. ಹಗ್ಗ ಕಟ್ಟಿಕೊಂಡು ಒಂದೊಂದು ಹಿಡಿಕೆಯನ್ನೂ ಬಾಯಿಪಾಠವಾಗುವವರೆಗೆ ಅಭ್ಯಾಸ ಮಾಡಿದ್ದರು. ಮೈಯೆಲ್ಲ ಕಣ್ಣಾಗಿ, ಬೇರೇನೂ ನೆನಪಾಗದೆ, ಮುಂದಿನ ಹಿಡಿಕೆಯೊಂದೇ ಜಗತ್ತಾಗುವ ಆ ಏಕಾಗ್ರತೆ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವವರ ಮಾತು ಹತ್ತುವವರ ಕಿವಿಗೆ ಹೋಗುವುದೇ ಇಲ್ಲ.

ಆದರೆ ಕ್ಯಾಮೆರಾ, ಹಣ ಸೇರಿದಾಗ ಬಣ್ಣ ಬದಲಾಗುತ್ತದೆ. 2014ರಲ್ಲಿ ತಿನಿಸು ತಯಾರಿಸುವ ಕ್ಲಿಫ್ ಬಾರ್ ಕಂಪನಿ ಹಾನಲ್ಡ್, ಪಾಟರ್ ಸೇರಿದಂತೆ ಐವರು ಸಾಹಸಿಗಳ ಪ್ರಾಯೋಜಕತ್ವ ನಿಲ್ಲಿಸಿತು. ಇಂಥ ಅಪಾಯದಿಂದ ಲಾಭ ಪಡೆಯುವುದು ತನಗೆ ಸರಿಕಾಣುತ್ತಿಲ್ಲ ಎಂಬುದು ಅದರ ನಿಲುವು. ಇಷ್ಟು ದಿನ ಲಾಭ ಪಡೆದು ಈಗ ಕೈ ತೊಳೆದುಕೊಂಡರೇ ಎಂದು ಹಲವರು ಸಿಟ್ಟಾದರು. ಸಿಟ್ಟು ನ್ಯಾಯವಾದದ್ದೇ ಇರಬಹುದು, ಆದರೂ ಕಂಪನಿ ಎತ್ತಿದ ಪ್ರಶ್ನೆ ಸರಿಯಾದದ್ದು. ನೋಡುವ ನಮ್ಮ ಕಣ್ಣುಗಳೂ ಆ ಹಗ್ಗದ ಒಂದು ತುದಿಯಲ್ಲಿವೆ.

ಬೆಲೆ ತೆರುವವರ ಕಡೆಗೆ ಬಂದರೆ, ಮೊದಲು ಬ್ರಿಟನ್ನಿನ ಆರೋಹಿ ಆಲಿಸನ್ ಹಾರ್ಗ್ರೀವ್ಸ್ ನೆನಪಾಗುತ್ತಾರೆ. 1995ರ ಮೇ ತಿಂಗಳಲ್ಲಿ ಶೆರ್ಪಾಗಳ ನೆರವಿಲ್ಲದೆ, ಬಾಟಲಿ ಆಮ್ಲಜನಕವಿಲ್ಲದೆ ಎವರೆಸ್ಟ್ ಹತ್ತಿದರು. ಅದೇ ವರ್ಷದ ಆಗಸ್ಟ್ 13ರಂದು ಕೆ2 ಶಿಖರದಿಂದ ಇಳಿಯುವಾಗ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು. ಮನೆಯಲ್ಲಿ 6 ವರ್ಷದ ಮಗ, 4 ವರ್ಷದ ಮಗಳು. ತಾಯಿಯಾಗಿ ಹೀಗೆ ಮಾಡಬಹುದೇ ಎಂದು ಪತ್ರಿಕೆಗಳು ಅವರ ಮೇಲೆ ಮುಗಿಬಿದ್ದವು. ಮಕ್ಕಳಿದ್ದ ಎಷ್ಟೋ ಗಂಡಸರು ಅದೇ ಬೆಟ್ಟಗಳಲ್ಲಿ ಸತ್ತಿದ್ದರು. ಅವರ ತಂದೆತನವನ್ನು ಯಾರೂ ಹೀಗೆ ಕಟಕಟೆಗೆ ಎಳೆದಿರಲಿಲ್ಲ. ಈ ಅನ್ಯಾಯವನ್ನು ಹೇಳಲೇಬೇಕು. ಹಾಗೆಂದು ಪ್ರಶ್ನೆಯನ್ನೇ ಕೈಬಿಡಬಾರದು, ಅದನ್ನು ಗಂಡಸರಿಗೂ ಕೇಳಬೇಕು. ಆ ಮಗ ಟಾಮ್ ಬ್ಯಾಲರ್ಡ್ ಬೆಳೆದು ದೊಡ್ಡ ಪರ್ವತಾರೋಹಿಯಾದರು. 2019ರಲ್ಲಿ ಹಿಮಾಲಯದ ನಂಗಾ ಪರ್ಬತ್ ಶಿಖರದಲ್ಲಿ ತೀರಿಕೊಂಡರು.

ಶೆರ್ಪಾಗಳ ಲೆಕ್ಕ ಇನ್ನೊಂದು ಬಗೆಯದು. ಎವರೆಸ್ಟ್‌ನ ದಕ್ಷಿಣದ ದಾರಿಯಲ್ಲಿ ಖುಂಬು ಹಿಮಪ್ರಪಾತವಿದೆ. ಮನೆಯಷ್ಟು ದೊಡ್ಡ ಮಂಜುಗಡ್ಡೆಗಳು ನಿಧಾನವಾಗಿ ಸರಿಯುತ್ತಾ, ಬಿರಿಯುತ್ತಾ ಇರುವ ಜಾಗ. ಹಣ ಕೊಟ್ಟು ಬಂದವರು ಒಂದು ಋತುವಿನಲ್ಲಿ ಅದನ್ನು ಬೆರಳೆಣಿಕೆಯಷ್ಟು ಸಲ ದಾಟುತ್ತಾರೆ. ಅವರ ಡೇರೆ, ಊಟ, ಆಮ್ಲಜನಕ ಹೊರುವವರು ಹತ್ತಾರು ಸಲ ದಾಟಬೇಕು. ಕುಶಲತೆಗೆ ಜಗ್ಗದ, ಎಷ್ಟು ಸಲ ಹಾದುಹೋದಿರಿ ಎಂಬುದನ್ನಷ್ಟೇ ಎಣಿಸುವ ಅಪಾಯ ಅದು ಎಂದು ಆಗಲೇ ನೋಡಿದೆವಲ್ಲ. 2014ರ ಏಪ್ರಿಲ್ 18ರ ಬೆಳಗ್ಗೆ ಮೇಲಿನ ಮಂಜುಗೋಡೆ ಕುಸಿದು 16 ಮಂದಿ ಸತ್ತರು. ಎಲ್ಲರೂ ನೇಪಾಳದ ಕೆಲಸಗಾರರು. ಸರ್ಕಾರ ಮೊದಲು ಘೋಷಿಸಿದ ಪರಿಹಾರ ಕುಟುಂಬಕ್ಕೆ 40,000 ನೇಪಾಳಿ ರೂಪಾಯಿ. ಅದೇ ಶಿಖರಕ್ಕೆ ಹೊರನಾಡಿನ ಗಿರಾಕಿಗಳು ಹತ್ತಾರು ಸಾವಿರ ಡಾಲರ್ ಕೊಟ್ಟಿರುತ್ತಾರೆ. ಶೆರ್ಪಾಗಳು ಆ ಋತುವಿನ ಕೆಲಸ ನಿಲ್ಲಿಸಿದರು. ಆಮೇಲೆ ವಿಮೆಯ ಮೊತ್ತ ಏರಿತು.

ಅವರೂ ಒಪ್ಪಿಯೇ ಬಂದವರಲ್ಲವೇ ಎಂದು ಕೇಳಬಹುದು. ಒಪ್ಪಿದ್ದಾರೆ. ವರ್ಷದ ಸಂಪಾದನೆ ಆ ಎರಡು ತಿಂಗಳಲ್ಲೇ ಆಗಬೇಕು ಎನ್ನುವವರ ಒಪ್ಪಿಗೆಯನ್ನೂ, ರಜೆ ಹಾಕಿ ಬಂದವರ ಒಪ್ಪಿಗೆಯನ್ನೂ ಒಂದೇ ಹೆಸರಿನಿಂದ ಕರೆಯಲು ನನಗೆ ಮನಸ್ಸಾಗದು.

ರಕ್ಷಣೆಗೆ ಹೋಗುವವರಲ್ಲೂ ಎಲ್ಲರೂ ಒಂದೇ ಅಲ್ಲ. 2018ರ ಜನವರಿಯಲ್ಲಿ ನಂಗಾ ಪರ್ಬತ್‌ನಲ್ಲಿ ಫ್ರಾನ್ಸಿನ ಆರೋಹಿ ಎಲಿಜಬೆತ್ ರೆವೊಲ್ ಸಿಕ್ಕಿಬಿದ್ದಾಗ, ಕೆ2ನಲ್ಲಿದ್ದ ಆಡಮ್ ಬಿಯೆಲೆಟ್ಸ್ಕಿ ಮತ್ತು ಡೆನಿಸ್ ಉರುಬ್ಕೊ ಹೆಲಿಕಾಪ್ಟರ್‌ನಲ್ಲಿ ಬಂದು, ಕೊರೆಯುವ ರಾತ್ರಿಯಲ್ಲಿ ಸಾವಿರ ಮೀಟರ್‌ಗೂ ಹೆಚ್ಚು ಹತ್ತಿ ಅವರನ್ನು ಇಳಿಸಿ ತಂದರು. ಇನ್ನೂ ಮೇಲೆ ಉಳಿದಿದ್ದ ಅವರ ಜೊತೆಗಾರ ತೊಮಾಶ್ ಮಾಟ್ಸ್ಕೆವಿಚ್ ಅವರನ್ನು ತಲುಪಲಾಗಲಿಲ್ಲ. ಹತ್ತುವವರೇ ಹತ್ತುವವರಿಗಾಗಿ ಹೋದದ್ದು ಒಂದು ಬಗೆಯ ಋಣ. ಸಂಬಳಕ್ಕೆ ಹಾರುವ ಪೈಲಟ್‌ನ ವಿಷಯ ಹಾಗಲ್ಲ.

ಹಾಗಾಗಿ ನಾನು ಕೇಳಬಯಸುವುದು ನಿಷೇಧವನ್ನಲ್ಲ. ಲೆಕ್ಕವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲಿ: ಈ ಸಲ ಇಷ್ಟು, ಇಲ್ಲಿಯವರೆಗಿನದು ಕೂಡಿ ಇಷ್ಟು. ಹೊರೆ ಹೊರುವವರ ವಿಮೆಯ ಹಣ ಬೆಟ್ಟದ ಬೆಲೆಯ ಒಳಗೇ ಇರಲಿ. ಹಿಂದಿರುಗುವ ಗಂಟೆಯನ್ನು ಕೆಳಗಿರುವಾಗಲೇ ಗೊತ್ತುಮಾಡಿಕೊಳ್ಳಲಿ, ಏಕೆಂದರೆ ಆಮ್ಲಜನಕ ಕಡಿಮೆಯಾದ ಮಿದುಳಿಗೆ ತುದಿ ಯಾವಾಗಲೂ ಹತ್ತಿರವೇ ಕಾಣುತ್ತದೆ. 1996ರ ಮೇ 10ರಂದು ಎವರೆಸ್ಟ್‌ನಲ್ಲಿ ಆ ಗಂಟೆಯನ್ನು ಮೀರಿ ಹಲವರು ಮೇಲೆ ಹೋದರು, ಬಿರುಗಾಳಿ ಬಂತು, ಎಂಟು ಮಂದಿ ಸತ್ತರು. ನಡುಹಗಲಿಗೂ ಮೊದಲೇ ತಿರುಗಿ ನಡೆದ ಮೂವರು ಗಿರಾಕಿಗಳು ಬದುಕಿ ಮನೆ ಸೇರಿದರು.

ಅದೇ ತಿಂಗಳ ಆರಂಭದಲ್ಲಿ ಗೋರಾನ್ ಕ್ರೋಪ್ ಎಂಬ ಸ್ವೀಡನ್ನಿನ ಆರೋಹಿ ಅಲ್ಲಿದ್ದರು. ಸ್ವೀಡನ್ನಿನಿಂದ ಸೈಕಲ್ ತುಳಿದುಕೊಂಡು ಬಂದವರು, ತಮ್ಮ ಹೊರೆ ತಾವೇ ಹೊತ್ತವರು. ತುದಿಗೆ ನೂರು ಮೀಟರ್ ಆಸುಪಾಸು ಉಳಿದಿತ್ತು. ಹೊತ್ತು ಮೀರಿದೆ ಎಂದು ತಿರುಗಿದರು. ಮೇ 23ರಂದು ಮತ್ತೆ ಹತ್ತಿ ಶಿಖರ ಮುಟ್ಟಿದರು. 2002ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಸಾಧಾರಣ ಬಂಡೆ ಹತ್ತುವಾಗ, ಬಿರುಕಿನಲ್ಲಿ ಸಿಕ್ಕಿಸಿದ್ದ ಆಧಾರ ಕಿತ್ತುಬಂದು, ಸುಮಾರು 18 ಮೀಟರ್ ಎತ್ತರದಿಂದ ಬಿದ್ದು ತೀರಿಕೊಂಡರು.